ಹೆಲ್ಮೆಟ್ಟಿನಲ್ಲಿ ಕೇಳಿದ ಮಗ್ಗ

ನಮ್ಮ ಬೀದಿಯಲ್ಲಿ ದೆವ್ವದ ಕಥೆ ಹೇಳುವವರಿಗೆ ನನ್ನನ್ನು ಕಂಡರೆ ಆಗದು. ಕಥೆ ಅರ್ಧಕ್ಕೆ ಬರುವ ಹೊತ್ತಿಗೆ "ಕೊನೆಗೆ ನೋಡಿದ್ರೆ ಬೆಕ್ಕು ತಾನೇ?" ಎಂದು ಕೇಳಿಬಿಡುವವಳು ನಾನು. ಮೈಮೇಲೆ ಬಂದವರ ಎದುರು ನಕ್ಕು ಅತ್ತೆಯ ಕೈಲಿ ಬೈಸಿಕೊಂಡದ್ದೂ ಉಂಟು. ಯಂತ್ರಗಳ ನಡುವೆ ಬದುಕಿದವಳಿಗೆ ಒಂದು ಅಭ್ಯಾಸ ಬಂದುಬಿಡುತ್ತದೆ. ಏನೇ ಕೆಟ್ಟರೂ ಅದಕ್ಕೊಂದು ಕಾರಣ ಇದೆ, ಬಿಚ್ಚಿ ನೋಡಿದರೆ ಸಿಗುತ್ತದೆ ಅನ್ನುವುದು. ಈಗ ನಾನು ಹೇಳಹೊರಟಿರುವುದನ್ನು ಕೇಳಿ ನೀವೂ ಬೆಕ್ಕಿನ ಪ್ರಶ್ನೆ ಹಾಕಬಹುದು. ಹಾಕಿ, ಬೇಸರವಿಲ್ಲ. ಮೂರು ವರ್ಷದಿಂದ ನಾನೂ ಹಾಕಿಕೊಳ್ಳುತ್ತಿದ್ದೇನೆ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ನೇಯ್ಗೆಯ ಮನೆ. ಮನೆಯ ಹಿಂದಿನ ಅರ್ಧದಲ್ಲಿ ನಾಲ್ಕು ಪವರ್‌ಲೂಮ್, ಮುಂದಿನ ಅರ್ಧದಲ್ಲಿ ನಾವು. ಮಧ್ಯೆ ಇರುವುದು ಅಡುಗೆಮನೆಯ ಗೋಡೆ ಒಂದೇ. ಹೊಸಬರು ಬಂದರೆ ಆ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾರೆ. ನಮಗೆ ಅದು ಕೇಳಿಸುವುದೇ ಇಲ್ಲ, ತಾಳ ತಪ್ಪಿದಾಗ ಮಾತ್ರ ಕೇಳಿಸುತ್ತದೆ. ಚಪಾತಿ ಲಟ್ಟಿಸುತ್ತಲೇ ಯಾವ ಮಗ್ಗದಲ್ಲಿ ಎಳೆ ಹರಿಯಿತೆಂದು ಹೇಳಬಲ್ಲೆ. ಮೂರನೆಯ ಮಗ್ಗವಂತೂ ಹದಿನೆಂಟು ವರ್ಷದಿಂದ ನನ್ನದೇ. ನಾಲ್ಕು ಬಡಿತಕ್ಕೊಮ್ಮೆ 'ಕಿರ್' ಎಂದು ಸಣ್ಣಗೆ ನರಳುತ್ತದೆ. ಎಷ್ಟು ಎಣ್ಣೆ ಕುಡಿಸಿದರೂ ಆ ಚಾಳಿ ಬಿಟ್ಟಿಲ್ಲ.

ಇನ್ನೊಂದು ವಿಷಯ ನೇಕಾರರಲ್ಲದವರಿಗೆ ಹೇಳಬೇಕು. ಮಗ್ಗದಲ್ಲಿ ನೂಲು ಹೊತ್ತು ಆಚೆಯಿಂದ ಈಚೆಗೆ ಓಡುವ, ಎರಡೂ ತುದಿ ಚೂಪಾದ ಮರದ ತುಂಡಿಗೆ ಲಾಳಿ ಎನ್ನುತ್ತೇವೆ. ಅಪರೂಪಕ್ಕೊಮ್ಮೆ ಅದು ದಾರಿ ತಪ್ಪಿ ಹೊರಕ್ಕೆ ಹಾರುತ್ತದೆ. ಕಣ್ಣು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಅದಕ್ಕೇ ನಮ್ಮ ಮನೆಯ ಮಕ್ಕಳಿಗೆ ನಡೆಯಲು ಬಂದ ಕೂಡಲೇ ಕಲಿಸುವ ಪಾಠ ಒಂದೇ. ಬಡಿತ ಎಡವಿ ನಿಂತಿತೋ, ಇದ್ದಲ್ಲೇ ಕುಕ್ಕರಿಸಿಬಿಡು. ತಿರುಗಿ ನೋಡಬೇಡ, ಯೋಚನೆ ಮಾಡಬೇಡ, ಕೂತುಬಿಡು.

ನನ್ನ ಮಗಳು ಚಂದನಾ ಚಿಕ್ಕಂದಿನಿಂದ ಸ್ಕೇಟಿಂಗ್ ಮಾಡುತ್ತಿದ್ದವಳು. ಕಾಲೇಜಿಗೆ ಸೇರಿದ ವರ್ಷ ಒಂದು ಶಿಬಿರಕ್ಕೆಂದು ಉತ್ತರದ ಬೆಟ್ಟಗಳಿಗೆ ಹೋಗಿ, ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಜಾರಿ, ಬರುವಾಗ ಅದರ ಹುಚ್ಚು ಹಿಡಿಸಿಕೊಂಡು ಬಂದಳು. "ಫ್ರಿಜ್ ಬಿಟ್ರೆ ದೊಡ್ಡಬಳ್ಳಾಪುರದಲ್ಲಿ ಎಲ್ಲಮ್ಮಾ ಇದೆ ಹಿಮ?" ಎಂದು ನಮ್ಮ ಯಜಮಾನರು ತಮಾಷೆ ಮಾಡಿದರು. ಹಿಮವಿಲ್ಲದ ಊರಿನವರು ಗಾಲಿಯ ಸ್ಕೀ ಕಟ್ಟಿಕೊಂಡು ಟಾರು ರಸ್ತೆಯಲ್ಲಿ ಅಭ್ಯಾಸ ಮಾಡುತ್ತಾರಂತೆ. ಉದ್ದನೆಯ ಪಟ್ಟಿ, ಎರಡು ತುದಿಗೆ ಗಾಲಿ, ಎರಡೂ ಕೈಗೆ ಕೋಲು. ಬ್ರೇಕು ಮಾತ್ರ ಇಲ್ಲ. ಯಾರೋ ಬಳಸಿದ್ದೊಂದು ಜೊತೆ ತರಿಸಿಕೊಂಡಳು. ಇವರು ಬೇಡವೆಂದರು, ನಾನು ಹಟ ಹಿಡಿದು ಒಪ್ಪಿಸಿದೆ. ಕೊನೆಗೆ ಇವರು ಹೇಳಿದ್ದು ಇಷ್ಟು: "ಒಂದೇ ಒಂದು ಸಲ ಪೆಟ್ಟಾಗ್ಲಿ, ಅಲ್ಲಿಗೆ ಮುಗೀತು. ಆಮೇಲೆ ನೀನೂ ಮಾತಾಡಂಗಿಲ್ಲ."

ಹಾಗಾಗಿ ಕಾವಲಿಗೆ ನಾನೇ ನಿಂತೆ. ವಾರದಲ್ಲಿ ನಾಲ್ಕು ದಿನ ಬೆಳಗಾಗುತ್ತಲೇ ತೂಬಗೆರೆ ಕಡೆಯ ರಸ್ತೆ. ಅವಳು ಮುಂದೆ, ನಾನು ಸ್ಕೂಟಿಯಲ್ಲಿ ಹಿಂದೆ. ಇಬ್ಬರ ಹೆಲ್ಮೆಟ್ಟಿಗೂ ಅಂಟಿಸಿದ ಒಂದೊಂದು ಪುಟ್ಟ ಡಬ್ಬಿ. ಕಿವಿಯ ಹತ್ತಿರ ಸ್ಪೀಕರು, ಬಾಯಿಯ ಹತ್ತಿರ ಮೈಕು. ನಾನು "ಗುಂಡಿ" ಎಂದರೆ ಅವಳಿಗೆ ಕೇಳುತ್ತದೆ, ಅವಳು ಏದುಸಿರು ಬಿಟ್ಟರೆ ನನಗೆ ಕೇಳುತ್ತದೆ. ಅವಳ ಫೋನಿನ ಆ್ಯಪಿನಿಂದ ಒಬ್ಬ ಹೆಂಗಸು ಕಿಲೋಮೀಟರಿಗೊಮ್ಮೆ ಇಂಗ್ಲಿಷಿನಲ್ಲಿ ವೇಗ, ಎದೆಬಡಿತ ಎಲ್ಲ ಒದರುತ್ತಿದ್ದಳು. ಅದೂ ಇಬ್ಬರಿಗೂ ಕೇಳುತ್ತಿತ್ತು. ಆಕೆಯನ್ನು ನಾನು ನಾದಿನಿ ಎಂದು ಕರೆಯುತ್ತಿದ್ದೆ. ಕೇಳದಿದ್ದರೂ ತಪ್ಪು ತೋರಿಸುತ್ತಿದ್ದಳಲ್ಲ, ಅದಕ್ಕೆ.

ಅದು ಧನುರ್ಮಾಸ. ಹಿಮದ ಶಿಬಿರದ ಆಯ್ಕೆಗೆ ಇನ್ನು ಇಪ್ಪತ್ತು ದಿನವಿತ್ತು. ಆವತ್ತು ಮಂಜು ಎಷ್ಟು ದಟ್ಟವಾಗಿತ್ತೆಂದರೆ ದೇವಸ್ಥಾನದ ಮೈಕಿನ ಹಾಡು ಕೇಳುತ್ತಿತ್ತೇ ಹೊರತು ದೇವಸ್ಥಾನ ಕಾಣುತ್ತಿರಲಿಲ್ಲ. ಏಳು ಗಂಟೆಯಾದರೂ ಬಿಡಲಿಲ್ಲ. ವಾಪಸು ಹೋಗೋಣವೆಂದೆ. "ಅಮ್ಮಾ, ಇಳಿಜಾರು ಒಂದೇ ಒಂದು ಸಲ. ಆಮೇಲೆ ಹೋಗ್ಬಿಡೋಣ" ಅಂದಳು. ನಾನು ಹೂಂ ಅಂದೆ. ಆ ಹೂಂ ಅನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಇಳಿಜಾರಿನ ಅರ್ಧಕ್ಕೆ ಬಂದಿದ್ದೆವು. ನನ್ನ ಕಣ್ಣಿಗೆ ಅವಳ ಬೆನ್ನಿನ ಹಳದಿ ಜಾಕೆಟ್ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆಗ ಹೆಲ್ಮೆಟ್ಟಿನಲ್ಲಿ ಮಗ್ಗದ ಸದ್ದು ಕೇಳತೊಡಗಿತು. ಮೊದಲಿಗೆ ನನಗೆ ವಿಚಿತ್ರ ಅನಿಸಲೇ ಇಲ್ಲ, ದಿನವಿಡೀ ಕೇಳುವ ಸದ್ದಲ್ಲವೇ. ನಾಲ್ಕು ಬಡಿತ, ಒಂದು ಕಿರ್. ಮತ್ತೆ ನಾಲ್ಕು, ಒಂದು ಕಿರ್. ಅರೆ, ಇದು ನನ್ನ ಮಗ್ಗ ಎಂದು ಗುರುತಿಸುವಷ್ಟರಲ್ಲಿ ಬಡಿತ ಎಡವಿತು. 'ಟಪ್' ಎಂದು ನಿಂತುಹೋಯಿತು.

ಮುಂದೆ ಚಂದನಾ ಕುಕ್ಕರಿಸಿದಳು. ಆ ವೇಗದಲ್ಲಿ ಗಾಲಿಯ ಮೇಲೆ ಯಾರೂ ಹಾಗೆ ಕೂರುವುದಿಲ್ಲ. ಪಕ್ಕಕ್ಕೆ ಉರುಳಿ, ಕೋಲುಗಳನ್ನು ಚೆಲ್ಲಿ, ರಸ್ತೆಯ ಮೇಲೆ ಜಾರುತ್ತಾ ಹೋಗಿ ನಿಂತಳು. ನನ್ನ ಕೈ ನನ್ನನ್ನು ಕೇಳದೆಯೇ ಬ್ರೇಕು ಹಿಡಿದಿತ್ತು. ಸ್ಕೂಟಿಯನ್ನು ಅಲ್ಲೇ ಕೆಡವಿ ಓಡಿದೆ. ಅವಳು ಎದ್ದು ಕೂತಿದ್ದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಆದರೆ ಅವಳು ಕೈ ನೋಡಿಕೊಳ್ಳುತ್ತಿರಲಿಲ್ಲ, ಮುಂದೆ ನೋಡುತ್ತಿದ್ದಳು.

ಎರಡು ಮಾರು ದೂರದಲ್ಲಿ ಒಂದು ಟ್ರ್ಯಾಕ್ಟರ್ ಟ್ರೈಲರು ಕೆಟ್ಟು ನಿಂತಿತ್ತು. ದೀಪವಿಲ್ಲ, ಅಡ್ಡ ಇಟ್ಟ ಕಲ್ಲಿಲ್ಲ, ಒಂದು ಸೊಪ್ಪಿನ ಕೊಂಬೆಯೂ ಇಲ್ಲ. ಅದರ ತುಂಬ ನೀಲಗಿರಿ ಮರದ ಬೊಡ್ಡೆಗಳು. ಆಳುದ್ದ ಹಿಂದಕ್ಕೆ ಚಾಚಿಕೊಂಡಿದ್ದವು, ಸರಿಯಾಗಿ ನನ್ನ ಮಗಳ ಮುಖದ ಎತ್ತರಕ್ಕೆ. ನಾನು ನಡುರಸ್ತೆಯಲ್ಲೇ ಕೂತುಬಿಟ್ಟೆ.

ಪಕ್ಕದ ಹೊಲದಿಂದ ಮಫ್ಲರ್ ಸುತ್ತಿಕೊಂಡ ಒಬ್ಬ ಹಿರಿಯರು ಓಡಿಬಂದರು, ಟ್ರ್ಯಾಕ್ಟರಿನವರು. "ಅಯ್ಯೋ ಮಗಾ, ಪೆಟ್ಟಾಯ್ತಾ? ಆಕ್ಸಲ್ ಮುರ್ಕೊಂಡ್ಬಿಡ್ತು ಕಣಮ್ಮಾ. ಸೊಪ್ಪು ಮುರ್ದು ಹಿಂದಕ್ಕೆ ಹಾಕೋಣ ಅಂತ ಈಗ ಹೋಗಿದ್ದೆ" ಎಂದು ಕೈಮುಗಿದರು. ಅವರ ಕೈಯಲ್ಲಿ ಹೊಂಗೆಯ ಕೊಂಬೆ ಇತ್ತು. ಅವರೇ ನೀರು ತಂದು ಮಗಳ ಕೈ ತೊಳೆದರು.

ಅವರು ಆಚೆ ಹೋದ ಮೇಲೆ ಚಂದನಾ ಮೆಲ್ಲಗೆ ಕೇಳಿದಳು: "ಅಮ್ಮಾ, ಮನೆಗೆ ಫೋನ್ ಮಾಡಿದ್ಯಾ? ನಿನ್ ಮಗ್ಗ ಕೇಳಿಸ್ತು." ನಾನಿನ್ನೂ ಅದರ ಸುದ್ದಿ ಎತ್ತಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಇಬ್ಬರ ಫೋನನ್ನೂ ತೆಗೆದು ನೋಡಿದೆವು. ಯಾವ ಕರೆಯೂ ಹೋಗಿಲ್ಲ, ಬಂದೂ ಇಲ್ಲ. ಹಾಡು ಹಾಕಿರಲಿಲ್ಲ. ಆ್ಯಪಿನಲ್ಲಿ ವೇಗದ ಗೆರೆ ಏರುತ್ತ ಹೋಗಿ ಒಂದು ಕಡೆ ನೆಟ್ಟಗೆ ಕೆಳಗೆ ಬಿದ್ದಿತ್ತು, ಅಷ್ಟೇ.

ಮನೆಯಲ್ಲಿದ್ದ ಇವರಿಗೆ ಫೋನ್ ಮಾಡಿ, ಯಾವುದೋ ನೆಪ ತೆಗೆದು, ಮೂರನೆಯ ಮಗ್ಗದಲ್ಲಿ ಲಾಳಿ ಏನಾದರೂ ಹಾರಿತೇ ಎಂದು ಕೇಳಿದೆ. "ಯಾವ ಲಾಳಿ? ಐದು ಗಂಟೆಗೇ ಕರೆಂಟ್ ಹೋಯ್ತು ಕಣೆ. ಬೀದಿಗೆ ಬೀದಿನೇ ತಣ್ಣಗೆ ಕೂತದೆ. ಬರ್ತಾ ಹಾಲು ತಗೊಂಬಾ" ಅಂದರು. ಆ ಬೆಳಗ್ಗೆ ನಮ್ಮ ಬೀದಿಯಲ್ಲಿ ಒಂದೂ ಮಗ್ಗ ಆಡಿರಲಿಲ್ಲ.

ಇವರಿಗೆ ನಿಜ ಹೇಳಲಿಲ್ಲ. ಹೇಳಿದ್ದರೆ ಅಂದೇ ಗಾಲಿಗಳು ಅಟ್ಟ ಸೇರುತ್ತಿದ್ದವು. ಸ್ಕೂಟಿ ನಿಲ್ಲಿಸುವಾಗ ಬಿದ್ದಳೆಂದು ಸುಳ್ಳು ಹೇಳಿದೆ. ಮದುವೆಯಾದ ಮೇಲೆ ನಾನು ಹೇಳಿದ ದೊಡ್ಡ ಸುಳ್ಳು ಅದೇ. ಮೂರನೆಯ ದಿನ ಮಗಳೇ "ನಾಳೆ ಹೋಗೋಣ್ವಾ?" ಎಂದು ಕೇಳಿದಳು. ಬೇಡ ಅನ್ನಲು ಬಾಯಿ ತೆರೆದವಳು, ಬಿಸಿಲು ಬಂದ ಮೇಲೆ ಹೊರಡೋಣ, ಸ್ಕೂಟಿ ಮುಂದೆ ಇರುತ್ತದೆ ಎಂದೆ. ಏಕೆ ಹಾಗೆಂದೆನೋ ತಿಳಿಯದು. ಯಾರೋ ಅವಳನ್ನು ಕಾದುಕೊಟ್ಟ ಮೇಲೆ ನಾನು ಕಟ್ಟಿಹಾಕುವುದು ತಪ್ಪು ಎಂದು ಮನಸ್ಸಿಗೆ ಬಂದದ್ದು ಮಾತ್ರ ನಿಜ. ಅವಳು ಆಯ್ಕೆಯಾದಳು. ಎರಡು ಚಳಿಗಾಲ ಹಿಮದ ಮೇಲೆ ಕಳೆದು ಬಂದಿದ್ದಾಳೆ, ಈ ಸಲದ ಶಿಬಿರಕ್ಕೂ ಹೊರಟಿದ್ದಾಳೆ.

ನಾನು ಸುಮ್ಮನೆ ಕೂತವಳಲ್ಲ. ನನ್ನ ಅಕ್ಕನ ಮಗ ಇಂಥ ಉಪಕರಣಗಳನ್ನೇ ಪರೀಕ್ಷಿಸುವ ಕೆಲಸದಲ್ಲಿದ್ದಾನೆ. ಆ ಡಬ್ಬಿಗಳನ್ನು ಅವನ ಮುಂದೆ ಬಿಚ್ಚಿಸಿದೆ. "ಗಾಲಿ ಸದ್ದು ಮೈಕಿಗೆ ಸಿಕ್ಕಿರುತ್ತೆ ಚಿಕ್ಕಮ್ಮಾ. ಮಗ್ಗದ ಮನೆ ಕಿವಿಗಳು, ನಿಮಗೆ ಹಂಗೆ ಕೇಳಿಸಿದೆ" ಅಂದ. ಒಳ್ಳೆಯ ಕಾರಣ, ಮುಕ್ಕಾಲು ಪಾಲು ನಾನು ಒಪ್ಪಿಕೊಂಡೇ ಇದ್ದೇನೆ. ಉಳಿದ ಕಾಲು ಪಾಲಿನದೇ ತೊಂದರೆ. ನಾಲ್ಕಕ್ಕೊಂದು ಕಿರ್ ಅನ್ನುವುದು ಗಾಲಿಗೆ ಹೇಗೆ ಗೊತ್ತು? ಗಾಲಿ ಇನ್ನೂ ಉರುಳುತ್ತಿರುವಾಗಲೇ ಸದ್ದು ನಿಂತದ್ದು ಹೇಗೆ? ದೇವರು ಎಂದು ಕೈಮುಗಿಯೋಣವೆಂದರೆ ನನಗೆ ರೂಢಿಯಿಲ್ಲ. ಸುಮ್ಮನೆ ಭ್ರಮೆ ಎನ್ನೋಣವೆಂದರೆ ಮಗಳು ಕಣ್ಣೆದುರು ಓಡಾಡುತ್ತಿದ್ದಾಳೆ.

ಬರೆದದ್ದನ್ನು ನಿಮಗಿಂತ ಮೊದಲು ಇವರ ಕೈಗೆ ಕೊಟ್ಟೆ. ಮೂರು ವರ್ಷದ ಸುಳ್ಳು, ಇವರಿಗೆ ತಿಳಿಯದೆ ಅಚ್ಚಾಗಬಾರದು. ಇವರು ನಿಧಾನಕ್ಕೆ ಓದಿದರು. ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ಓದಿದರು. ಇನ್ನೇನು ಜಗಳ ಶುರುವಾಯಿತು ಎಂದು ನಾನು ಸೆರಗು ಬಿಗಿದು ಕಾದಿದ್ದೆ.

"ಅವತ್ತು ಕರೆಂಟ್ ಬಂದಾಗ ಒಂಬತ್ತಾಗಿತ್ತು. ಚೆನ್ನಾಗಿ ಜ್ಞಾಪಕ ಇದೆ ನಂಗೆ" ಅಂದರು. ಆಮೇಲೆ "ನಂಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು.

"ಹೇಳಿದ್ರೆ ಕಳಿಸ್ತಿದ್ರಾ?"

"ಇಲ್ಲ" ಅಂದರು. ಹಾಳೆಗಳನ್ನು ಜೋಡಿಸಿ ನನ್ನ ಕೈಗಿಟ್ಟರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಮಗಳನ್ನು ಬೀಳ್ಕೊಡಲು ಬಾಗಿಲು ದಾಟದ ಮನುಷ್ಯ, ಏಳುತ್ತಾ ಕೇಳಿದರು: "ಗುರುವಾರ ಎಷ್ಟೊತ್ತಿಗೆ ಅವಳ ರೈಲು? ನಾನೂ ಬರ್ತೀನಿ."