ಗಂಗಮ್ಮ ಫೋನ್ ಎತ್ತಲಿಲ್ಲ

ಕಾದಂಬರಿಗಳಲ್ಲಿ ನೀರು, ಯಂತ್ರಗಳು ಹೇಗೆ ಬರುತ್ತವೆ ಎನ್ನುವುದು ನನ್ನ ಸಂಶೋಧನೆ. ಹಳ್ಳಿಯ ಓದುಗರನ್ನು ಮಾತಾಡಿಸಲೇಬೇಕೆಂದು ಕಿರಂಗೂರಿಗೆ ಹೋಗಿದ್ದೆ. ದಾರಿಯಲ್ಲಿ ಸಿಕ್ಕ ಸಿದ್ದೇಗೌಡರು, "ನಮ್ಮನೆ ಗಂಗಮ್ಮ ಬೋ ಕಾದಂಬ್ರಿ ಓದ್ತಾಳೆ ಕಣವ್ವ, ನಂಬ್ರು ಬರ್ಕೊ" ಎಂದು ತಮ್ಮ ಮೊಬೈಲನ್ನೇ ಕೈಗಿತ್ತರು. ಅದರಲ್ಲಿ ಗಂಗಮ್ಮ ಎಂದು ಎರಡು ನಂಬರಿದ್ದವು. ಮೊದಲನೆಯದನ್ನು ಬರೆದುಕೊಂಡೆ.

ಮರುದಿನ ಬೆಳಿಗ್ಗೆ ಫೋನ್ ಮಾಡಿದರೆ ರಿಂಗಾಗಿ ಕಟ್ಟಾಯಿತು. ಬಿಡುವ ಜಾಯಮಾನ ನನ್ನದಲ್ಲ. ಐದು ಸಲ ಮಾಡಿ, ಕೊನೆಗೆ ಸಂಜೆ ಅವರ ಮನೆಗೇ ಹೋದೆ.

ಗೌಡರು ಮೊಳಕಾಲುದ್ದ ಕೆಸರು ಮೆತ್ತಿಕೊಂಡು ಬಂದರು. ಆ ನಂಬರು ಗದ್ದೆಯ ಪಂಪ್‌ಸೆಟ್ಟಿಗೆ ಹಾಕಿಸಿದ್ದ ಸಿಮ್ಮಿನದು. ನೀರು ಕೊಡುವವಳೆಂದು ಅದಕ್ಕೂ ಹೆಂಡತಿಯ ಹೆಸರನ್ನೇ ಇಟ್ಟಿದ್ದರು. ಒಮ್ಮೆ ರಿಂಗಾದರೆ ಮೋಟಾರು ಓಡುತ್ತದೆ, ಮತ್ತೊಮ್ಮೆ ಆದರೆ ನಿಲ್ಲುತ್ತದೆ. ಪೈರಿಗೆಂದು ಹಿಂದಿನ ದಿನವಷ್ಟೇ ಚೆಲ್ಲಿದ್ದ ಭತ್ತವೆಲ್ಲ ತೇಲಿಹೋಗಿತ್ತು.

ಐದು ಸಲ ಫೋನ್ ಮಾಡಿದ್ದು ನಾನೇ ಎಂದು ಒಪ್ಪಿಕೊಂಡು, ಬಿತ್ತನೆ ಭತ್ತ ನಾನೇ ತಂದುಕೊಡುತ್ತೇನೆ ಎಂದೆ.

"ಅದಿರ್ಲಿ ಬುಡವ್ವ. ಇನ್ನೊಂದ್ ಸಲ ಮಾಡಿದ್ರೆ ನಿಂತೋಗಿರದು. ಐದಕ್ಕೇ ಬುಟ್ಬುಟ್ಯಲ್ಲ" ಎಂದರು.

ನನ್ನ ಚೀಲದಲ್ಲಿ ಪ್ರಬಂಧದ ಹೊಸ ಅಧ್ಯಾಯವಿತ್ತು. ಹೆಸರು, 'ಮನುಷ್ಯನ ಮಾತು ಕೇಳದ ಯಂತ್ರ'. ಈ ಯಂತ್ರ ಐದು ಸಲವೂ ಕೇಳಿತ್ತು.