ಹೊಸ್ತಿಲ ಬಳ್ಳಿ

ತೀರಿಕೊಳ್ಳುವ ಹಿಂದಿನ ದಿನವೂ ಸುಭದ್ರತ್ತೆ ಹೊಸ್ತಿಲ ಮುಂದೆ ಕೂತು ರಂಗೋಲಿ ಹಾಕಿದ್ದರು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ನಡುಗುವ ಬೆರಳುಗಳಿಂದ ಪುಡಿ ಬಿಡುತ್ತಿದ್ದರು. ಗೆರೆ ಎಲ್ಲಿ ಸೊಟ್ಟಗಾಯಿತೋ ಅಲ್ಲೊಂದು ಎಲೆ. "ಬಳ್ಳಿ ಎಲ್ಲೆರ ನೆಟ್ಟಗ ಬೆಳೀತದೇನಲೇ?" ಎಂದು ಕೇಳಿ, ತಾವೇ ನಕ್ಕು, ಒಳಗೆ ಬಂದು ಚಹಾ ಕುಡಿದರು.

ಅತ್ತೆ ನನ್ನ ಅಪ್ಪನ ಅಕ್ಕ. ಮದುವೆಯಾಗದೆ ಹೊಸಪೇಟೆಯ ನಮ್ಮ ಮನೆಯಲ್ಲೇ ಉಳಿದವರು. ಸಂಡೂರಿನ ಅದಿರು ಲಾರಿಗಳು ಮನೆಯ ಮುಂದೆಯೇ ಹೋಗುತ್ತಿದ್ದ ಕಾಲ ಅದು. ತೊಳೆದ ಹೊಸ್ತಿಲು ಪೂಜೆ ಮುಗಿಯುವುದರೊಳಗೆ ಅದಿರಿನ ಧೂಳಿಗೆ ಮತ್ತೆ ಕೆಂಪು. ನಾನು ಸಿಡುಕಿದರೆ ಅತ್ತೆ, "ಲಾರಿಯವ್ರು ಕೆಮ್ಮಣ್ಣು ಬಳಿಯೋ ಕೆಲಸ ತಪ್ಪಿಸ್ಯಾರ, ಪಾಪ. ಬೈಬ್ಯಾಡ," ಎನ್ನುತ್ತಿದ್ದರು.

ನಮ್ಮ ಮನೆತನದ ಹೆಂಗಸರಿಗೆ ಒಂದು ಭಯವಿತ್ತು. ಅಜ್ಜಿಗೂ ಅವರ ತಾಯಿಗೂ ಮೊದಲು ಕೈ ನಡುಗಿ, ಆಮೇಲೆ ಕಾಲು ಸೋತು, ಕೊನೆಗೆ ವರ್ಷಗಟ್ಟಲೆ ಹಾಸಿಗೆಯೇ ಆಗಿತ್ತು. ಅದು ಮೊದಲು ಕಾಣಿಸಿಕೊಂಡದ್ದು ರಂಗೋಲಿಯ ಗೆರೆಯಲ್ಲಿ. ಹಾಗಾಗಿ ನಮ್ಮಲ್ಲಿ ಯಾರು ರಂಗೋಲಿ ಹಾಕಿದರೂ, ಚೆಂದ ನೋಡುವ ಮೊದಲು ಗೆರೆ ನೋಡುತ್ತಿದ್ದರು.

ಒಂದು ನವರಾತ್ರಿಯಲ್ಲಿ ಅತ್ತೆಯ ಗೆರೆ ನಡುಗಿತು. ಮಾರನೆಯ ದಿನ ನನ್ನದೂ. ನನಗಿನ್ನೂ ನಲವತ್ತು. ಅಜ್ಜಿಯ ಬಾಯಿಗೆ ಚಮಚದಲ್ಲಿ ಗಂಜಿ ಹಾಕಿದ್ದವಳು ನಾನು. ಮುಂದಿನದೆಲ್ಲ ಕಣ್ಣೆದುರು ಬಂತು. ಅಡುಗೆಮನೆಯಲ್ಲಿ ಅಳುತ್ತ ನಿಂತದ್ದನ್ನು ಅತ್ತೆ ನೋಡಿದರು.

"ಯಾಕಲೇ ಪದ್ದಿ?"

"ನಂಗೂ ಬಂತತ್ತಿ."

"ಖಾತ್ರಿ ಮಾಡ್ಕೊಂಡಾರ ಅಳು. ಲಾರಿ ಹೋದಾಗ ನಮ್ಮ ಬೋಗುಣಿ ಸೈತ ನಡಗತದ. ಅದಕ್ಕೂ ನಮ್ಮವ್ವನ ರಕ್ತ ಏನು? ಆಯುಧಪೂಜಿ ದಿನ ಒಂದೂ ಲಾರಿ ಹೊರಡೂದಿಲ್ಲ. ಅವತ್ತು ನೋಡೂಣು."

ಆಯುಧಪೂಜೆಯ ಬೆಳಿಗ್ಗೆ ರಸ್ತೆ ಖಾಲಿ. ಲಾರಿಗಳೆಲ್ಲ ಬಾಳೆಕಂದು ಕಟ್ಟಿಸಿಕೊಂಡು ಎಲ್ಲೆಲ್ಲೋ ನಿಂತಿದ್ದವು. ನಾನು ಉಸಿರು ಬಿಗಿಹಿಡಿದು ಹೊಸ್ತಿಲ ಉದ್ದಕ್ಕೂ ಗೆರೆ ಎಳೆದೆ. ದಾರ ಹಿಡಿದಂತೆ ಬಂತು. ಅತ್ತೆ ಬಗ್ಗಿ ನೋಡಿ, "ಉಳಕೊಂಡಿ," ಎಂದರು. ಆಮೇಲೆ ತಾವು ಕೂತರು. ಅವರ ಗೆರೆ ನಡುಗಿತು.

ಆದರೂ ಅತ್ತೆಯ ಮುಖ ನನ್ನದಕ್ಕಿಂತ ನಿರಾಳವಾಗಿತ್ತು. "ನಂದು ಖರೇನ ಅದ, ಬಿಡು. ನಮ್ಮವ್ವನ ಕೈ ಬಂದದ. ನಮ್ಮಪ್ಪನ ನಗಿನೂ ಬಂದದಲ್ಲ? ರಕ್ತದಾಗ ಬರೀ ಕೆಟ್ಟದ್ದ ಇಳೀತದೇನು?" ಎಂದು ಸೊಟ್ಟ ಗೆರೆಗೆ ಮೊದಲ ಎಲೆ ಬರೆದರು.

ಹಬ್ಬ ಕಳೆದ ಮೇಲೆ ಅತ್ತೆಯನ್ನು ಡಾಕ್ಟರಿಗೆ ತೋರಿಸಿದೆ. ಇಂಥದ್ದು ಮನೆತನದಲ್ಲಿ ಬರಬಹುದು, ಎಲ್ಲರಿಗೂ ಬರಬೇಕೆಂದಿಲ್ಲ, ಬಂದರೂ ಎಲ್ಲರಲ್ಲೂ ಒಂದೇ ತರಹ ಇರುವುದಿಲ್ಲ ಎಂದರು. ಬರಬರುತ್ತ ಅತ್ತೆ ಸೊರಗಿದರು, ಕೋಲು ಹಿಡಿದರು. ಆದರೆ ಚಹಾ ಚೆಲ್ಲಿದರೆ, "ಭೂಮಿತಾಯಿಗೂ ಒಂದ ಗುಟುಕು," ಎನ್ನುವುದನ್ನು ಬಿಡಲಿಲ್ಲ.

ಕೊನೆಯ ರಂಗೋಲಿಯ ಮರುದಿನ ಅವರನ್ನು ಎಬ್ಬಿಸಲು ಹೋದೆ. ನಿದ್ದೆಯಲ್ಲೇ ಹೋಗಿದ್ದರು. ಅಜ್ಜಿಯ ಹಾಗೆ ಹಾಸಿಗೆ ಹಿಡಿಯಲಿಲ್ಲವಲ್ಲ ಎಂದು, ಅಳುವಿನ ನಡುವೆಯೇ ನನ್ನ ಎದೆ ಹಗುರಾಯಿತು.

ಈಗ ರಂಗೋಲಿ ಹಾಕುವವಳು ನಾನು. ಗೆರೆ ನೆಟ್ಟಗೇ ಬರುತ್ತದೆ. ಹೊಸ್ತಿಲ ಮುಂದೆ ಬಳ್ಳಿ ಇಲ್ಲ.