ರಾಜಪಾರ್ಟಿಗೊಂದು ಒನ್ಸ್ ಮೋರ್

ಆ ಭಾನುವಾರ ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಅತ್ತೆಗೆ ಕಾಫಿ ಕೊಟ್ಟು, ಈಳಿಗೆಮಣೆಯ ಮೇಲೆ ಕೂತು ಚಟ್ನಿಗೆ ಕಾಯಿ ತುರಿಯುತ್ತಿದ್ದೆ. ತಿಪಟೂರಿನಲ್ಲಿ ಸಂಸಾರವೆಂದರೆ ಮುಕ್ಕಾಲು ಪಾಲು ಕಾಯಿ ತುರಿಯುವುದೇ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅರ್ಧ ಹೋಳನ್ನು ಎರಡು ದಿನ ಜೋಪಾನ ಮಾಡುವುದನ್ನು ಕಂಡು ಅತ್ತೆ, "ಇವಳು ಕಾಯಿ ಕಾಣದ ಸೀಮೆಯವಳು" ಎಂದು ನೆಂಟರಿಗೆಲ್ಲ ಪರಿಚಯಿಸಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯ ಗಿರಿಜಮ್ಮನ ತಲೆ ಕಾಂಪೌಂಡಿನ ಮೇಲೆ ಮೂಡಿತು. ಊರಿಗೆ ನಾಟಕದ ಕಂಪನಿ ಬಂದು, ಕೊಬ್ಬರಿ ಮಂಡಿಯ ಹಿಂದಿನ ಬಯಲಿನಲ್ಲಿ ತಗಡಿನ ಥಿಯೇಟರು ಎಬ್ಬಿಸಿ ತಿಂಗಳಾಗಿತ್ತು. ಅದರ ರಾಜಪಾರ್ಟಿನವರು, ಎಂದರೆ ರಾಜನ ಪಾತ್ರ ಕಟ್ಟುವ ಹಿರಿಯ ನಟರು, ಗಿರಿಜಮ್ಮನ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಊಟವೂ ಅಲ್ಲೇ. ಹಾಗಾಗಿ ಪರದೆಯ ಹಿಂದಿನ ಸುದ್ದಿ ನಮ್ಮ ಬೀದಿಗೆ ಪರದೆ ಏಳುವ ಮೊದಲೇ ತಲುಪುತ್ತಿತ್ತು.

"ಮಧ್ಯಾಹ್ನದ ಆಟಕ್ಕೆ ಹೋಗ್ತೀರಂತಲ್ಲ? ನಮ್ಮನೆ ರಾಜ್ರಿಗೆ ಇವತ್ತು ಪರೀಕ್ಷೆ ಕಣ್ರೀ. ಗಂಟ್ಲು ಕೆಟ್ಟೋಗೈತೆ ಅಂತ ಕಂಪನಿ ಯಜಮಾನ್ರು ಹಾಡಿನ ಕ್ಯಾಸೆಟ್ ಮಾಡಿಸ್ಕೊಂಡು ಬಂದವ್ರೆ. ಇವತ್ತು ನೆಟ್ಟಗೆ ಹಾಡ್ಲಿಲ್ಲ ಅಂದ್ರೆ ರಾತ್ರಿ ಆಟದಿಂದ ಕ್ಯಾಸೆಟ್ ಹಾಡ್ತದೆ, ಇವ್ರು ಬಾಯಿ ಆಡ್ಸೋದು ಅಷ್ಟೆ."

ನಾನು ಮರುಗಿದೆ. ಮರುಗುವುದರಲ್ಲಿ ನಾನು ಪಳಗಿದವಳು. ಕಾನ್ವೆಂಟಿನಲ್ಲಿ ನಮಗೆ ಅದನ್ನು ಶಿಸ್ತಾಗಿಯೇ ಕಲಿಸಿದ್ದರು. ಶಾಲೆಯ ವಾರ್ಷಿಕೋತ್ಸವದಲ್ಲಿ ಯಾವುದಾದರೂ ಮಗು ಹಾಡು ಮರೆತು ತುಟಿ ನಡುಗಿಸಿದರೆ ಮುಂದಿನ ಸಾಲಿನ ಸಿಸ್ಟರು ಹಿಂದಕ್ಕೆ ತಿರುಗಿ ಹುಬ್ಬು ಕುಣಿಸುತ್ತಿದ್ದರು. ಕೂಡಲೇ ಸಭೆಯೆಲ್ಲ ಚಪ್ಪಾಳೆ. ಎಡವಿದವರಿಗೆ ಚಪ್ಪಾಳೆ ತಟ್ಟಬೇಕು ಎಂಬುದು ನನ್ನಲ್ಲಿ ಎಷ್ಟು ಬೇರೂರಿದೆಯೆಂದರೆ, ಅಡುಗೆಮನೆಯಲ್ಲಿ ಯಾರಾದರೂ ಪಾತ್ರೆ ಬೀಳಿಸಿದರೂ ಕೈ ಮುಂದಾಗುತ್ತದೆ.

ಮೂರು ಗಂಟೆಗೆ ಅತ್ತೆಯೊಡನೆ ಹೆಂಗಸರ ಕಡೆಯ ಕಬ್ಬಿಣದ ಕುರ್ಚಿಗಳಲ್ಲಿ ಕೂತೆ. ಅತ್ತೆ ಚಿಕ್ಕಂದಿನ ನಾಟಕಗಳನ್ನು ನೆನೆದರು. ಆಗೆಲ್ಲ ಹಾಡು ಮೆಚ್ಚಿದರೆ ಜನ ಒನ್ಸ್ ಮೋರ್ ಕೂಗುವರು, ಕೂಗಿದ ಮೇಲೆ ನಟ ಹಾಡಲೇಬೇಕು. ಹಾಡಿ ಸತ್ತ ರಾಜ ಎದ್ದು ಮೈ ಕೊಡವಿ ಮತ್ತೆ ಹಾಡಿ, ಮತ್ತೊಮ್ಮೆ ಅಚ್ಚುಕಟ್ಟಾಗಿ ಸಾಯುತ್ತಿದ್ದನಂತೆ.

ಪರದೆ ಎದ್ದಿತು. ರಾಜ್ಯ ಕಳೆದುಕೊಂಡ ರಾಜ ಕಾಡಿಗೆ ಬಂದಿದ್ದ. ಕಿರೀಟದ ಚಿನ್ನದ ಕಾಗದ ಕಿವಿಯ ಬಳಿ ಸುರುಳಿಗಟ್ಟಿತ್ತು. ಮಣಿಕಟ್ಟಿನಲ್ಲಿ, ಈಗಷ್ಟೇ ಬಿಚ್ಚಿಟ್ಟ ಗಡಿಯಾರದ ಬಿಳಿ ಗುರುತು. ಹಿಂದಿನ ಪರದೆಯ ಕಾಡನ್ನು ಅತ್ತೆ ಒಪ್ಪಲಿಲ್ಲ. "ಒಂದು ತೆಂಗಿನ ಮರಾನೂ ಬರೆದಿಲ್ವಲ್ಲೇ! ಇದ್ಯಾವ ಸೀಮೆ ಕಾಡು?"

ರಾಜ ಮರಗಳನ್ನು ಕುರಿತು ಹಾಡತೊಡಗಿದರು. ತಿಪಟೂರಿನವರ ಕಿವಿಯ ಬಗ್ಗೆ ಒಂದು ಮಾತು ಹೇಳಬೇಕು. ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿಯಾಗಿದೆಯೇ ಎಂದು ಇವರು ಒಡೆದು ನೋಡುವುದಿಲ್ಲ. ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಚಿಪ್ಪು ಬಿಟ್ಟ ಕೊಬ್ಬರಿ ಗಿಟುಕಿನ ಸದ್ದು ಕೇಳಿ ಹೇಳುತ್ತಾರೆ. ಅಂಥ ಕಿವಿಗಳಿಗೆ ರಾಜನ ದನಿ ಎರಡೇ ಸಾಲಿನಲ್ಲಿ ತಿಳಿದುಹೋಯಿತು. ಮೇಲಿನ ಸ್ವರಕ್ಕೆ ಅದು ಹೇಗೋ ಏಗಿ ಹತ್ತಿ, ಒಡೆಯುವುದರೊಳಗೆ ಇಳಿಯಿತು. ಹಾಡು ಮುಗಿಯಿತು. ಥಿಯೇಟರಿನಲ್ಲಿ ಒಂದು ಸದ್ದಿಲ್ಲ.

ಯಜಮಾನರು ಪಕ್ಕದ ಪರದೆಯ ಮರೆಯಲ್ಲಿ ಕೈಕಟ್ಟಿ ನಿಂತಿರುವುದು ನನಗೆ ಕಾಣುತ್ತಿತ್ತು. ಈ ಮೌನವೇ ಅವರ ತೀರ್ಪಾಗಿಬಿಡುತ್ತದಲ್ಲ ಎನ್ನಿಸಿತು. ನನ್ನೊಳಗಿನ ಸಿಸ್ಟರು ಹುಬ್ಬು ಕುಣಿಸಿದರು. ಬೀದಿಯಲ್ಲಿ ಸೊಪ್ಪಿನವಳನ್ನೂ ಗಟ್ಟಿಯಾಗಿ ಕರೆಯದ ನಾನು ಕೂಗಿಯೇಬಿಟ್ಟೆ: "ಒನ್ಸ್ ಮೋರ್!"

ಇಡೀ ಹೆಂಗಸರ ಕಡೆ ನನ್ನತ್ತ ತಿರುಗಿತು. ಅತ್ತೆ ನನ್ನ ತೊಡೆ ಹಿಂಡಿದರು. "ಥೂ, ಏನೇ ಮಾಡ್ದೆ? ಪಾಪ, ಹೆಂಗೋ ದಾಟ್ಕೊಂಡ್ರು, ಮುಂದಿನ ಸೀನ್ ಬರ್ಲಿ ಅಂತ ಜನ ಸುಮ್ನಿದ್ರೆ! ಈಗ ಇನ್ನೊಂದ್ಸಲ ಹಾಡ್ಬೇಕಲ್ಲೇ!"

ಆ ನಿಶ್ಶಬ್ದ ಉದಾಸೀನವಲ್ಲ, ನಾನೂರು ಜನ ಸೇರಿ ಹಿಡಿದ ಕೊಡೆ ಎಂಬುದು ನನಗೆ ಹೊಳೆದದ್ದು ಆಗ. ನಾನು ಅದಕ್ಕೆ ತೂತು ಹಾಕಿದ್ದೆ.

ರಾಜ ನಾನಿದ್ದ ಕಡೆ ನೋಡಿ ಕೈಮುಗಿದರು. ಹಾರ್ಮೋನಿಯಂನವರಿಗೆ ಕಣ್ಣಲ್ಲೇ ಏನೋ ಹೇಳಿದರು, ಶ್ರುತಿ ಒಂದು ಮೆಟ್ಟಿಲು ಇಳಿಯಿತು. ಈ ಸಲ ಅವರು ನಮಗಾಗಿ ಹಾಡಲಿಲ್ಲ. ಒಬ್ಬರೇ ಇರುವಾಗ ಗುನುಗುವವರಂತೆ ಹಾಡಿಕೊಂಡರು. ಸ್ವರ ಏರುವ ಕಡೆ ತಾವು ನಿಂತರು. ಹಾರ್ಮೋನಿಯಂ ಒಂದನ್ನೇ ಮೇಲಕ್ಕೆ ಕಳಿಸಿ, ಕಾಯಿ ಕೀಳಲು ಹತ್ತಿದವನು ಇಳಿಯಲೆಂದು ಬುಡದಲ್ಲಿ ಕಾಯುವವರ ಹಾಗೆ ಕತ್ತೆತ್ತಿ ಕಾದರು. ಅದು ಇಳಿದು ಬಂದ ಮೇಲೆ ಜೊತೆಗೂಡಿದರು. ಚೆನ್ನಾಗಿತ್ತೇ ಎಂದರೆ ಹೇಳಲಾರೆ. ಅತ್ತೆ ಮಾತ್ರ ನನ್ನ ತೊಡೆಯ ಮೇಲಿಂದ ಕೈ ತೆಗೆದರು. ಯಜಮಾನರು ಒಳಗೆ ಹೋದರು.

ಆಟ ಮುಗಿಯಿತು. ಒಬ್ಬರ ನಲವತ್ತು ವರ್ಷದ ಗಾಯನವನ್ನು ನಾನು ಎರಡು ಇಂಗ್ಲಿಷ್ ಪದಗಳಲ್ಲಿ ಮುಗಿಸಿಬಿಟ್ಟೆನೇ ಎಂದು ಲೆಕ್ಕ ಹಾಕುತ್ತ, ಮನೆಗೆ ಬಂದು ದೀಪ ಹಚ್ಚಿದೆ.

ಗಿರಿಜಮ್ಮ ಲೋಟ ಹಿಡಿದು ಹಿತ್ತಲ ಬಾಗಿಲಿಗೆ ಬಂದರು. ಏನಾಯಿತೆಂದು ಕೇಳುವ ಧೈರ್ಯ ನನಗಿರಲಿಲ್ಲ, ನಾನು ಕೇಳುವುದು ಅವರಿಗೆ ಬೇಕೂ ಇರಲಿಲ್ಲ.

"ಹೆಪ್ಪಿಗೆ ಒಂಚೂರು ಮೊಸರು ಕೊಡ್ರೀ. ಕ್ಯಾಸೆಟ್ಟೇ ಹಾಕ್ಕಳಿ ಅಂತ ನಮ್ಮನೆ ರಾಜ್ರೇ ಯಜಮಾನ್ರಿಗೆ ಹೇಳ್ಬುಟ್ಟು ಬಂದವ್ರೆ. ಗಂಟ್ಲಿಗೆ ಆಗಲ್ಲ ಅಂತ ಚಿಕ್ಕ ವಯಸ್ಸಿಂದ ಮೊಸರು ಮುಟ್ಟಿರ್ಲಿಲ್ವಂತೆ ಕಣ್ರೀ. ಈಗ ನೋಡಿ, ಗಡಿಗೇಲಿದ್ದಿದ್ದನ್ನೆಲ್ಲ ಅನ್ನಕ್ಕೆ ಸುರಿಸ್ಕೊಂಡು ಉಣ್ತಾ ಕೂತವ್ರೆ."